ಹೊಟ್ಟೆಯಲ್ಲಿರುವ ಮಗುವಿನ ಹೃದಯದಲ್ಲಿ ದೋಷ ಕಂಡಾಗ: ಯಾವ ಪರೀಕ್ಷೆ, ಯಾವ ಊರು, ಯಾವ ಆಸ್ಪತ್ರೆ?

ಐದನೇ ತಿಂಗಳ ಸ್ಕ್ಯಾನಿಂಗ್ ವರದಿಯಲ್ಲಿ ‘ಹೃದಯವನ್ನು ಇನ್ನಷ್ಟು ವಿವರವಾಗಿ ಪರೀಕ್ಷಿಸಬೇಕು’ ಎಂಬ ಸಾಲು ಕಂಡರೆ ಮನೆಯವರ ಬಾಯಿಂದ ಬರುವ ಮೊದಲ ಪ್ರಶ್ನೆ ‘ಯಾವ ಆಸ್ಪತ್ರೆ ಒಳ್ಳೆಯದು?’ ಎಂಬುದು. ಬೆಂಗಳೂರಿನಲ್ಲಿ ಇದಕ್ಕೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಹತ್ತೂ ಒಳ್ಳೆಯ ಆಸ್ಪತ್ರೆಗಳೇ ಆಗಿರಬಹುದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ದೋಷದ ಹೆಸರೇನು? ಹುಟ್ಟಿದ ಮೇಲೆ ಚಿಕಿತ್ಸೆಯಿಲ್ಲದೆ ಮಗು ಎಷ್ಟು ಹೊತ್ತು ಕಾಯಬಲ್ಲದು? ಎರಡನೆಯದಕ್ಕೆ ಉತ್ತರ ಸಿಕ್ಕರೆ ಯಾವ ಊರು, ಯಾವ ಆಸ್ಪತ್ರೆ, ಎಷ್ಟು ಹಣ ಎಂಬುದೆಲ್ಲ ಒಂದು ಕ್ರಮಕ್ಕೆ ಬರುತ್ತದೆ. ಗರ್ಭಿಣಿಯರ ಆಪ್ತಸಮಾಲೋಚಕಿಯಾಗಿ ನಾನು ಕುಟುಂಬಗಳಿಗೆ ಹೇಳುವುದು ಇದನ್ನೇ. ಈ ಬರಹವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಇದು ಅಪರೂಪದ ಸಂಗತಿಯಲ್ಲ. ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಇಂಥ ಮಕ್ಕಳು ಹುಟ್ಟುತ್ತಾರೆ ಎಂಬುದು ತಜ್ಞರ ಅಂದಾಜು. ಅವರಲ್ಲಿ ಸುಮಾರು ಐದರಲ್ಲಿ ಒಂದು ಮಗುವಿಗೆ ಮೊದಲ ವರ್ಷದಲ್ಲೇ ಚಿಕಿತ್ಸೆ ಬೇಕಾಗುತ್ತದೆ. ಈ ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರಿಗೆ ಯಾವ ಅಪಾಯದ ಲಕ್ಷಣವೂ ಇರುವುದಿಲ್ಲ. ಗ್ರಹಣದ ದಿನ ಹೊರಗೆ ಬಂದದ್ದರಿಂದ ಹೀಗಾಯಿತು, ಪಪ್ಪಾಯ ತಿಂದದ್ದರಿಂದ ಹೀಗಾಯಿತು ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲೇ ನಿಲ್ಲಿಸಿ. ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎರಡು ತಿಂಗಳಲ್ಲಿ. ಎಷ್ಟೋ ಸಲ ಆಗ ತಾಯಿಗೆ ತಾನು ಗರ್ಭಿಣಿ ಎಂಬುದೇ ಈಗಷ್ಟೇ ತಿಳಿದಿರುತ್ತದೆ.

ಅನಾಮಲಿ ಸ್ಕ್ಯಾನ್ ಸಾಕೇ, ಫೀಟಲ್ ಎಕೋ ಬೇಕೇ?

ಅನಾಮಲಿ ಸ್ಕ್ಯಾನ್ ಅಥವಾ ಟಿಫಾ ಎಂದು ಕರೆಯುವ ಸ್ಕ್ಯಾನ್ ಎಲ್ಲ ಗರ್ಭಿಣಿಯರಿಗೂ ಬೇಕು. ಅದು ತಲೆಯಿಂದ ಪಾದದವರೆಗೆ ಇಡೀ ಮಗುವನ್ನು ನೋಡುತ್ತದೆ. ಫೀಟಲ್ ಎಕೋ ಹೃದಯವೊಂದನ್ನೇ ನೋಡುತ್ತದೆ: ಕೋಣೆಗಳು, ಕವಾಟಗಳು, ನಡುವಿನ ಗೋಡೆ, ಶ್ವಾಸಕೋಶದಿಂದ ಬರುವ ರಕ್ತನಾಳಗಳು, ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು, ಮಹಾಪಧಮನಿಯ ಬಾಗು, ಬಡಿತದ ಲಯ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯಬಹುದು. ಮಗು ಮಗ್ಗುಲು ಬದಲಿಸದಿದ್ದರೆ ಸ್ವಲ್ಪ ನಡೆದಾಡಿ ಬನ್ನಿ ಎನ್ನುತ್ತಾರೆ. ಎರಡೂ ಶಬ್ದತರಂಗದ ಪರೀಕ್ಷೆಗಳೇ ಆದ್ದರಿಂದ ಎಕ್ಸ್‌ರೇಯಂಥ ವಿಕಿರಣದ ಭಯ ಇಲ್ಲ.

ಎಲ್ಲರಿಗೂ ಫೀಟಲ್ ಎಕೋ ಬೇಕಾಗಿಲ್ಲ. ಅನಾಮಲಿ ಸ್ಕ್ಯಾನನ್ನು ಸರಿಯಾಗಿ ಮಾಡಿದ್ದರೆ ಬಹುಮಂದಿಗೆ ಅದೇ ಸಾಕು. ಸರಿಯಾಗಿ ಮಾಡಿದ್ದಾರೆಯೇ ಎಂದು ತಿಳಿಯಲು ವರದಿಯನ್ನೇ ಓದಿ. ‘ನಾಲ್ಕು ಕೋಣೆಗಳು ಕಂಡಿವೆ’ ಎಂಬುದೊಂದೇ ಸಾಲಿದ್ದರೆ ಅದು ಅರ್ಧ ಪರೀಕ್ಷೆ. ಹೃದಯದಿಂದ ಹೊರಡುವ ನಾಳಗಳು ಅದಲುಬದಲಾಗಿರುವುದು, ನಾಲ್ಕು ದೋಷಗಳು ಒಟ್ಟಿಗೇ ಇರುವ ಫ್ಯಾಲೋಟ್ ಟೆಟ್ರಾಲಜಿ ಮುಂತಾದ ಗಂಭೀರ ಸ್ಥಿತಿಗಳಲ್ಲೂ ನಾಲ್ಕು ಕೋಣೆಗಳು ನೋಡಲು ಸರಿಯಾಗಿಯೇ ಕಾಣಬಹುದು. ಎಡ ಮತ್ತು ಬಲ ಹೊರದಾರಿಗಳು, ಮೂರು ನಾಳಗಳ ನೋಟ ಇವುಗಳ ಉಲ್ಲೇಖವೂ ವರದಿಯಲ್ಲಿರಬೇಕು. ಇಲ್ಲದಿದ್ದರೆ ಸಂಕೋಚಪಡದೆ ಕೇಳಿ.

ಕೆಲವರು ಮಾತ್ರ ಅನಾಮಲಿ ಸ್ಕ್ಯಾನ್ ಸರಿಯಿದ್ದರೂ ಫೀಟಲ್ ಎಕೋ ಮಾಡಿಸಬೇಕು. ಗರ್ಭ ಧರಿಸುವ ಮೊದಲೇ ಸಕ್ಕರೆ ಕಾಯಿಲೆ ಇದ್ದವರು, ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಅಥವಾ ಅದರ ಜಾತಿಯ ಕಾಯಿಲೆ ಇದ್ದು ರಕ್ತದಲ್ಲಿ ಆಂಟಿ-ರೋ ಪ್ರತಿಕಾಯ ಕಂಡವರು, ಮೂರ್ಛೆರೋಗಕ್ಕೆ ಕೆಲವು ಮಾತ್ರೆಗಳನ್ನು ಅಥವಾ ಮಾನಸಿಕ ಕಾಯಿಲೆಗೆ ಲಿಥಿಯಂ ಅನ್ನು ತೆಗೆದುಕೊಳ್ಳುತ್ತಿರುವವರು, ಐವಿಎಫ್‌ನಿಂದ ಗರ್ಭ ಧರಿಸಿದವರು, ಒಂದೇ ಮಾಸುವನ್ನು ಹಂಚಿಕೊಂಡ ಅವಳಿಗಳನ್ನು ಹೊತ್ತವರು, ತಮಗೇ ಅಥವಾ ಮೊದಲ ಮಗುವಿಗೆ ಹೃದಯದ ದೋಷ ಇದ್ದವರು ಈ ಪಟ್ಟಿಗೆ ಸೇರುತ್ತಾರೆ. ಮೂರನೇ ತಿಂಗಳ ಎನ್‌ಟಿ ಸ್ಕ್ಯಾನ್‌ನಲ್ಲಿ ಮಗುವಿನ ಕತ್ತಿನ ಹಿಂಭಾಗದ ದ್ರವ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೂ ಅಷ್ಟೇ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ರಕ್ತಸಂಬಂಧದ ಮದುವೆಯಲ್ಲಿ ಸಾಧ್ಯತೆ ತುಸು ಹೆಚ್ಚು.

ವರದಿಯಲ್ಲಿ ‘ಎಡ ಕೋಣೆಯಲ್ಲಿ ಬಿಳಿ ಚುಕ್ಕೆ’ ಎಂಬರ್ಥದ ಮಾತು ಇದೆಯೆಂದು ನಿದ್ದೆಗೆಟ್ಟು ಬರುವವರು ಬಹಳ. ಬರಿಯ ಚುಕ್ಕೆ ಹೃದಯದ ದೋಷವಲ್ಲ. ಅದರಿಂದ ಹೃದಯದ ಕೆಲಸಕ್ಕೆ ತೊಂದರೆಯೂ ಇಲ್ಲ. ವರ್ಣತಂತು ದೋಷವಾದ ಡೌನ್ ಸಿಂಡ್ರೋಮ್‌ನ ರಕ್ತಪರೀಕ್ಷೆ ಈಗಾಗಲೇ ಆಗಿದೆಯೇ ಎಂದು ವೈದ್ಯರು ನೋಡಿಕೊಳ್ಳುತ್ತಾರೆ. ಅದು ಸರಿಯಿದ್ದು ಬೇರೇನೂ ಕಾಣದಿದ್ದರೆ ನೆಮ್ಮದಿಯಾಗಿರಬಹುದು. ನಡುನಡುವೆ ಒಂದು ಬಡಿತ ತಪ್ಪುವುದು ಕೂಡ ಹೆಚ್ಚಾಗಿ ತಾನೇ ಸರಿಹೋಗುತ್ತದೆ.

ಫೀಟಲ್ ಎಕೋವನ್ನು ಯಾರ ಹತ್ತಿರ ಮಾಡಿಸಬೇಕು? ಹೊಟ್ಟೆಯಲ್ಲಿರುವ ಮಗುವಿನ ಆರೋಗ್ಯ ನೋಡುವ ಫೀಟಲ್ ಮೆಡಿಸಿನ್ ತಜ್ಞರೂ ಮಾಡುತ್ತಾರೆ, ಮಕ್ಕಳ ಹೃದ್ರೋಗ ತಜ್ಞರೂ ಮಾಡುತ್ತಾರೆ. ದೋಷ ಇದೆಯೋ ಇಲ್ಲವೋ ಎಂಬಷ್ಟೇ ಅನುಮಾನವಿದ್ದಾಗ ಮೊದಲನೆಯವರು ಸಾಕು. ದೋಷ ಖಚಿತವಾದ ಮೇಲೆ ಒಮ್ಮೆಯಾದರೂ ಮಕ್ಕಳ ಹೃದ್ರೋಗ ತಜ್ಞರ ಮುಂದೆ ಕೂರಬೇಕು. ಹುಟ್ಟಿದ ಮಕ್ಕಳಿಗೆ ಚಿಕಿತ್ಸೆ ಕೊಡುವವರು ಅವರು. ಮೊದಲ ದಿನ ಹೇಗಿರುತ್ತದೆ, ಎರಡನೇ ವರ್ಷ ಹೇಗಿರುತ್ತದೆ ಎಂದು ಹೇಳಬಲ್ಲವರೂ ಅವರೇ.

ಹದಿನೆಂಟನೇ ವಾರವೋ, ಇಪ್ಪತ್ತೆರಡನೇ ವಾರವೋ?

20ರಿಂದ 22ನೇ ವಾರದಲ್ಲಿ ಹೃದಯದ ಚಿತ್ರ ಇನ್ನಷ್ಟು ಸ್ಪಷ್ಟವಾಗಿ ಬರುತ್ತದೆ ಎಂಬುದು ನಿಜ. ಆದರೂ ಅನಾಮಲಿ ಸ್ಕ್ಯಾನನ್ನು 18 ಅಥವಾ 19ನೇ ವಾರದಲ್ಲೇ ಮಾಡಿಸಿ ಎಂದು ನಾನು ಒತ್ತಾಯಿಸುತ್ತೇನೆ. ಕಾರಣ ಕಾನೂನಿನಲ್ಲಿದೆ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕು, ನಿಯಮದಲ್ಲಿ ಹೇಳಿದ ಕಾರಣಗಳಲ್ಲಿ ಒಂದಿರಬೇಕು, ಮಗುವಿನ ಗಂಭೀರ ದೋಷ ಅವುಗಳಲ್ಲೊಂದು. 24 ವಾರ ದಾಟಿದ ಮೇಲೆ ಗಂಭೀರ ದೋಷವಿದ್ದರೆ ಮಾತ್ರ, ಅದೂ ಸರ್ಕಾರ ನೇಮಿಸಿದ ವೈದ್ಯಕೀಯ ಮಂಡಳಿ ಒಪ್ಪಿದರೆ ಅವಕಾಶ. ಅರ್ಜಿ ಬಂದ ಮೂರು ದಿನದೊಳಗೆ ಮಂಡಳಿ ಅಭಿಪ್ರಾಯ ಕೊಡಬೇಕೆಂಬ ನಿಯಮವಿದೆ.

ಸ್ಕ್ಯಾನನ್ನು 22ನೇ ವಾರಕ್ಕೆ ತಳ್ಳಿದರೆ ಫೀಟಲ್ ಎಕೋ, ವರ್ಣತಂತು ಪರೀಕ್ಷೆ, ಎರಡನೇ ವೈದ್ಯರ ಸಲಹೆ, ಮನೆಯ ಮಾತುಕತೆ ಎಲ್ಲವೂ ಎರಡೇ ವಾರದಲ್ಲಿ ಮುಗಿಯಬೇಕು. ಗರ್ಭ ಮುಂದುವರಿಸುತ್ತೇವೆ ಎಂದು ಮೊದಲೇ ನಿಶ್ಚಯಿಸಿದವರಿಗೂ ಈ ಹೊತ್ತು ಬೇಕು. ಗಡಿಬಿಡಿಯಲ್ಲಿ ಕೇಳಿದ ಮಾತು ಮನಸ್ಸಿಗೆ ಇಳಿಯುವುದಿಲ್ಲ.

ದೋಷ ಕಂಡ ಮೇಲೆ 28ರಿಂದ 32ನೇ ವಾರದ ನಡುವೆ ಇನ್ನೊಂದು ಎಕೋ ಬೇಕೇ ಬೇಕು. ಕೆಲವು ದೋಷಗಳು ಹೊಟ್ಟೆಯೊಳಗೇ ಉಲ್ಬಣಿಸುತ್ತವೆ. ಕಿರಿದಾದ ಮಹಾಪಧಮನಿ ಕವಾಟದಿಂದ ಎಡ ಕೋಣೆ ಬೆಳೆಯುವುದನ್ನೇ ನಿಲ್ಲಿಸಿಬಿಡಬಹುದು.

ಎನ್‌ಐಪಿಟಿ ರಕ್ತಪರೀಕ್ಷೆಯೋ, ಆಮ್ನಿಯೋಸೆಂಟೆಸಿಸ್ಸೋ?

ಹೃದಯದ ದೋಷ ಖಚಿತವಾದ ಮೇಲೆ ವರ್ಣತಂತುಗಳನ್ನೂ ನೋಡಬೇಕಾಗುತ್ತದೆ. ತಾಯಿಯ ತೋಳಿನಿಂದ ರಕ್ತ ತೆಗೆದು ಮಾಡುವ ಎನ್‌ಐಪಿಟಿ ಸುಲಭ, ಆದರೆ ಅದು ಸೋಸುವ ಪರೀಕ್ಷೆ ಮಾತ್ರ. ಡೌನ್ ಸಿಂಡ್ರೋಮ್‌ನಂಥ ಕೆಲವನ್ನು ಮುಖ್ಯವಾಗಿ ಹುಡುಕುತ್ತದೆ. ಗರ್ಭನೀರು ತೆಗೆದು ಮಾಡುವ ಆಮ್ನಿಯೋಸೆಂಟೆಸಿಸ್ ಖಚಿತ ಉತ್ತರ ಕೊಡುತ್ತದೆ. ಮೈಕ್ರೋಅರೇ ವಿಧಾನದಲ್ಲಿ ನೋಡಿದರೆ 22ನೇ ವರ್ಣತಂತುವಿನ ಸಣ್ಣ ತುಂಡು ಇಲ್ಲದಿರುವುದೂ ತಿಳಿಯುತ್ತದೆ. ಹೊರನಾಳಗಳ ದೋಷಗಳಲ್ಲಿ ಇದು ಮುಖ್ಯ. ಅನುಭವಿಗಳ ಕೈಯಲ್ಲಿ ಗರ್ಭಪಾತದ ಅಪಾಯ ಸಾವಿರಕ್ಕೆ ಐದಕ್ಕಿಂತ ಕಡಿಮೆ. ದೋಷ ಕಣ್ಣಿಗೆ ಕಂಡಾಗಿದೆ ಎಂದ ಮೇಲೆ ನನ್ನ ಒಲವು ಆಮ್ನಿಯೋದ ಕಡೆಗೆ. ಒಂದೇ ಹೃದಯದೋಷ ಇಬ್ಬರು ಮಕ್ಕಳಲ್ಲಿದ್ದು, ಒಬ್ಬರ ವರ್ಣತಂತು ಸರಿಯಿದ್ದು ಇನ್ನೊಬ್ಬರದು ಸರಿಯಿಲ್ಲದಿದ್ದರೆ ಅವರ ಮುಂದಿನ ಬದುಕು ಬೇರೆಬೇರೆಯಾಗಿರುತ್ತದೆ.

ಮಗು ಎಷ್ಟು ಹೊತ್ತು ಕಾಯಬಲ್ಲದು?

ಹೊಟ್ಟೆಯಲ್ಲಿದ್ದಾಗ ಮಗುವಿಗೆ ಆಮ್ಲಜನಕ ಸಿಗುವುದು ಮಾಸುವಿನಿಂದ. ಅದರ ಶ್ವಾಸಕೋಶ ಇನ್ನೂ ಕೆಲಸಕ್ಕೆ ಇಳಿದಿರುವುದಿಲ್ಲ. ಹಾಗಾಗಿ ಶ್ವಾಸಕೋಶದ ನಾಳಕ್ಕೂ ಮಹಾಪಧಮನಿಗೂ ನಡುವೆ ಡಕ್ಟಸ್ ಎಂಬ ಒಂದು ಅಡ್ಡದಾರಿ ತೆರೆದಿರುತ್ತದೆ. ಹುಟ್ಟಿದ ಮೇಲೆ ಸಾಮಾನ್ಯವಾಗಿ ಮೊದಲ ಮೂರು ದಿನಗಳೊಳಗೆ ಅದು ಮುಚ್ಚಿಕೊಳ್ಳುತ್ತದೆ. ಆರೋಗ್ಯವಂತ ಮಗುವಿಗೆ ಅದು ಮುಚ್ಚಬೇಕಾದದ್ದೇ. ಆದರೆ ಕೆಲವು ದೋಷಗಳಲ್ಲಿ ಮಗು ಬದುಕಿರುವುದೇ ಆ ದಾರಿ ತೆರೆದಿರುವುದರಿಂದ. ಹುಟ್ಟಿದಾಗ ಕೆಂಪಗೆ ಅಳುತ್ತಿದ್ದ ಮಗು ಎರಡನೇ ದಿನ ನೀಲಿಗಟ್ಟಿ ಹಾಲು ಬಿಡುವುದು ಇದೇ ಕಾರಣಕ್ಕೆ. ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧವನ್ನು ಡ್ರಿಪ್‌ನಲ್ಲಿ ಕೊಟ್ಟು ಆ ದಾರಿಯನ್ನು ತೆರೆದಿಡಬಹುದು. ಹೊಟ್ಟೆಯಲ್ಲಿದ್ದಾಗಲೇ ದೋಷ ತಿಳಿದರೆ ಆಗುವ ಬಲು ದೊಡ್ಡ ಉಪಕಾರ ಇದು: ಔಷಧ ಮೊದಲೇ ಸಿದ್ಧವಿರುತ್ತದೆ.

ತಿಂಗಳುಗಟ್ಟಲೆ ಕಾಯಬಲ್ಲ ದೋಷಗಳೇ ಹೆಚ್ಚು. ಕೆಳ ಕೋಣೆಗಳ ನಡುವಿನ ಸಣ್ಣ ರಂಧ್ರಗಳಲ್ಲಿ ಬಹಳಷ್ಟು ತಾವಾಗಿ ಮುಚ್ಚುತ್ತವೆ. ದೊಡ್ಡದಿದ್ದರೆ ಮೊದಲ ಕೆಲವು ತಿಂಗಳಲ್ಲಿ ಶಸ್ತ್ರಚಿಕಿತ್ಸೆ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಹೆಚ್ಚು ಕಾಣುವ, ಹೃದಯದ ನಟ್ಟನಡುವಿನ ದೊಡ್ಡ ರಂಧ್ರಕ್ಕೆ 3ರಿಂದ 6 ತಿಂಗಳ ವಯಸ್ಸಿನಲ್ಲಿ, ಫ್ಯಾಲೋಟ್ ಟೆಟ್ರಾಲಜಿಗೆ ಹೆಚ್ಚಾಗಿ 6ರಿಂದ 12 ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ದಿನಗಳಷ್ಟೇ ಕಾಯಬಲ್ಲವು ಡಕ್ಟಸ್ ಅನ್ನು ನಂಬಿದ ದೋಷಗಳು. ದೊಡ್ಡ ನಾಳಗಳು ಅದಲುಬದಲಾಗಿರುವುದು, ಶ್ವಾಸಕೋಶದ ಕವಾಟ ಪೂರ್ತಿ ಮುಚ್ಚಿರುವುದು, ಮಹಾಪಧಮನಿ ತೀರ ಕಿರಿದಾಗಿರುವುದು, ಎಡ ಹೃದಯ ಬೆಳೆಯದಿರುವುದು ಇಂಥವು. ನಾಳಗಳ ಅದಲುಬದಲನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಮೊದಲ ಎರಡು ಮೂರು ವಾರಗಳಲ್ಲಿ ಆಗಬೇಕು. ಸರಿಯಾದ ಸಮಯಕ್ಕೆ ಆದರೆ ಆ ಮಕ್ಕಳು ಓಡಾಡಿ ಆಡಿ ಬೆಳೆಯುತ್ತಾರೆ. ಎಡ ಹೃದಯ ಬೆಳೆಯದಿದ್ದರೆ ದಾರಿ ಕಠಿಣ. ಮೂರು ಶಸ್ತ್ರಚಿಕಿತ್ಸೆಗಳು, ಮೊದಲನೆಯದು ಹುಟ್ಟಿದ ಮೊದಲ ವಾರಗಳಲ್ಲಿ, ಕೊನೆಯದು ಎರಡರಿಂದ ನಾಲ್ಕು ವರ್ಷದ ಹೊತ್ತಿಗೆ. ಮೂರೂ ಆದಮೇಲೂ ಮಗು ಒಂದೇ ಪಂಪಿನ ಹೃದಯದಲ್ಲಿ ಬದುಕಬೇಕು. ಇದನ್ನು ತಂದೆತಾಯಿಯರಿಗೆ ನೇರವಾಗಿ ಹೇಳುವ ವೈದ್ಯರನ್ನು ನಾನು ಗೌರವಿಸುತ್ತೇನೆ.

ಇನ್ನು ನಿಮಿಷಗಳ ಲೆಕ್ಕದವು. ನಾಳಗಳು ಅದಲುಬದಲಾಗಿದ್ದು ಮೇಲಿನ ಕೋಣೆಗಳ ನಡುವಿನ ದಾರಿಯೂ ಕಿರಿದಾಗಿದ್ದರೆ, ಹುಟ್ಟಿದ ಕೆಲವೇ ಗಂಟೆಯೊಳಗೆ ಬಲೂನಿನಿಂದ ಆ ದಾರಿಯನ್ನು ಹಿಗ್ಗಿಸಬೇಕಾಗಬಹುದು. ಇಂಥ ಮಗುವನ್ನು ಆಂಬುಲೆನ್ಸ್‌ನಲ್ಲಿ ಸಾಗಿಸುವ ಲೆಕ್ಕಾಚಾರವನ್ನೇ ಹಾಕಬಾರದು.

ಹೊಟ್ಟೆಯಲ್ಲಿದ್ದಾಗಲೇ ಚಿಕಿತ್ಸೆ ಮಾಡುವಂಥವೂ ಇವೆ. ಹೃದಯ ನಿಮಿಷಕ್ಕೆ 220ಕ್ಕೂ ಹೆಚ್ಚು ಬಡಿಯುತ್ತಿದ್ದರೆ ತಾಯಿಗೆ ಡಿಗಾಕ್ಸಿನ್, ಫ್ಲೆಕೈನೈಡ್‌ನಂಥ ಔಷಧ ಕೊಟ್ಟು ಮಾಸುವಿನ ಮೂಲಕ ಮಗುವಿಗೆ ತಲುಪಿಸುತ್ತಾರೆ. ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಯಿಸಿ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಕ್ರಮವೂ ಇದೆ. 2023ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಇದನ್ನು ಮಾಡಿದಾಗ ಸುದ್ದಿಯಾಗಿತ್ತು. ಆದರೆ ಅದು ಒದಗುವುದು ಬೆರಳೆಣಿಕೆಯ ಮಕ್ಕಳಿಗೆ. ಸುದ್ದಿ ಓದಿ ಎಲ್ಲ ದೋಷಕ್ಕೂ ಅದನ್ನೇ ಹುಡುಕಿಕೊಂಡು ಅಲೆಯಬೇಡಿ.

ತವರೋ, ಬೆಂಗಳೂರೋ? ಬೆಂಗಳೂರಾದರೆ ಎಲ್ಲಿ?

ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ನಡೆದು ಬಂದದ್ದು. ಅಮ್ಮನ ಕೈಯಡುಗೆ, ಎಣ್ಣೆನೀರು, ಬಾಣಂತನದ ಆರೈಕೆಗೆ ಬೆಲೆ ಕಟ್ಟಲಾಗದು. ಕಾಯಬಲ್ಲ ದೋಷವಾದರೆ ಹಾಸನಕ್ಕೋ ಶಿವಮೊಗ್ಗಕ್ಕೋ ಹೋಗಿ ಹೆರಿಗೆ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಕೈಗೆ ಎಕೋ ವರದಿ ಮೊದಲೇ ತಲುಪಿರಲಿ, ಹುಟ್ಟಿದ ಮೇಲಿನ ಎಕೋ ಯಾವಾಗ ಎಂಬುದು ಬರೆದಿರಲಿ. ದಿನಗಳ ಅಥವಾ ನಿಮಿಷಗಳ ದೋಷವಾದರೆ ತವರೇ ಬೆಂಗಳೂರಿಗೆ ಬರಬೇಕು. ಅಮ್ಮನನ್ನು ಕರೆಸಿಕೊಳ್ಳಿ, ಆಸ್ಪತ್ರೆಯ ಹತ್ತಿರ ಎರಡು ತಿಂಗಳಿಗೆ ಒಂದು ಮನೆ ಹಿಡಿಯಿರಿ. ಸಂಪ್ರದಾಯ ಬಿಟ್ಟೆವೆಂದು ಹಿರಿಯರು ನೊಂದುಕೊಂಡರೆ ಅವರನ್ನೇ ವೈದ್ಯರ ಬಳಿ ಕರೆದೊಯ್ಯಿರಿ. ಕಾರಣ ಕಿವಿಯಾರೆ ಕೇಳಿದ ಮೇಲೆ ಹೆಚ್ಚಿನವರು ಒಪ್ಪುತ್ತಾರೆ.

ಬೆಂಗಳೂರಿನಲ್ಲಿ ಆಯ್ಕೆ ಎರಡು ಬಗೆ. ಹೆರಿಗೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಮಕ್ಕಳ ಹೃದಯ ಚಿಕಿತ್ಸೆ ಮೂರೂ ಒಂದೇ ಆವರಣದಲ್ಲಿರುವುದು ಒಂದು ಬಗೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ, ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಬಹುವಿಭಾಗಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ವಿಚಾರಿಸಬಹುದು. ಒಂದು ಕಡೆ ಹೆರಿಗೆ, ಇನ್ನೊಂದು ಕಡೆ ಹೃದಯದ ಚಿಕಿತ್ಸೆ ಎಂಬುದು ಎರಡನೆಯ ಬಗೆ. ಕೃಷ್ಣರಾಜ ಮಾರುಕಟ್ಟೆ ಬಳಿಯ ವಾಣಿವಿಲಾಸ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಮಗು ಜಯನಗರ 9ನೇ ಬ್ಲಾಕ್‌ನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುವುದು ಇದಕ್ಕೆ ಉದಾಹರಣೆ. ಜಯದೇವ ಹೃದಯಕ್ಕೇ ಮೀಸಲಾದ ಸಂಸ್ಥೆ, ಹೆರಿಗೆ ಬೇರೆ ಕಡೆ ಆಗಬೇಕು. ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಮಕ್ಕಳಿಗಷ್ಟೇ.

ಸರ್ಕಾರಿ ದಾರಿಯನ್ನು ಕೀಳೆಂದು ನೋಡುವವರ ಮಾತಿಗೆ ಕಿವಿಗೊಡಬೇಡಿ. ವಾಣಿವಿಲಾಸದಂಥ ಕಡೆ ಕಷ್ಟದ ಹೆರಿಗೆಗಳನ್ನು ದಿನವೂ ನೋಡಿದ ಕೈಗಳಿವೆ. ಕಾಯಬಲ್ಲ ದೋಷಕ್ಕೆ ಈ ದಾರಿ ಧಾರಾಳವಾಗಿ ಸಾಕು. ದಿನಗಳ ದೋಷಕ್ಕೂ ಆಗಬಹುದು, ಆದರೆ ಮೂರು ವಿಷಯ ಮೊದಲೇ ಗಟ್ಟಿಯಾಗಬೇಕು: ಹೆರಿಗೆಯಾಗುವಲ್ಲಿ ಪ್ರೊಸ್ಟಾಗ್ಲಾಂಡಿನ್ ಇದೆಯೇ, ಚಿಕಿತ್ಸೆಯಾಗುವಲ್ಲಿ ನವಜಾತ ಶಿಶುವಿಗೆ ಹಾಸಿಗೆ ಸಿಗುವುದೇ, ಸಾಗಿಸಲು ವೆಂಟಿಲೇಟರ್ ಮತ್ತು ಶಿಶು ಆರೈಕೆ ಬಲ್ಲ ಸಿಬ್ಬಂದಿ ಇರುವ ಆಂಬುಲೆನ್ಸ್ ಯಾವುದು. ನಿಮಿಷಗಳ ದೋಷಕ್ಕೆ ಒಂದೇ ಆವರಣದ ಆಸ್ಪತ್ರೆ ಬಿಟ್ಟು ಬೇರೆ ಯೋಚನೆ ಬೇಡ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಬೇಕಾದ ಆಂಬುಲೆನ್ಸ್‌ನ ಮೇಲೆ ಮಗುವಿನ ಜೀವವನ್ನು ಇಡಬಾರದು. ಗರ್ಭಿಣಿಯ ತಪಾಸಣೆಗಳಿಗಾದರೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗ ಜಯದೇವಕ್ಕೂ ಬೊಮ್ಮಸಂದ್ರಕ್ಕೂ ಅನುಕೂಲವಾಗಿದೆ.

ಆಸ್ಪತ್ರೆಗೆ ಹೋದಾಗ ಕಟ್ಟಡವನ್ನೂ ಕೋಣೆಯನ್ನೂ ನೋಡುವುದಕ್ಕಿಂತ ಇದನ್ನು ಕೇಳಿ: ‘ಈ ದೋಷಕ್ಕೆ, ಒಂದು ತಿಂಗಳೊಳಗಿನ ಮಕ್ಕಳಿಗೆ, ಇಲ್ಲಿ ವರ್ಷಕ್ಕೆ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ? ಎಷ್ಟು ಮಕ್ಕಳು ಮನೆಗೆ ಹೋಗುತ್ತಾರೆ?’ ದೊಡ್ಡವರ ಬೈಪಾಸ್‌ಗೆ ಹೆಸರಾದ ಆಸ್ಪತ್ರೆ ಮೂರು ಕಿಲೋ ತೂಕದ ಮಗುವಿನ ಹೃದಯಕ್ಕೂ ಅಷ್ಟೇ ಪಳಗಿರುತ್ತದೆಂದು ಎಣಿಸಬೇಡಿ.

ಸಿಸೇರಿಯನ್ ಬೇಕೇ ಬೇಕೆ? ಹೃದಯದ ದೋಷ ಇದೆ ಎಂಬುದಷ್ಟೇ ಸಿಸೇರಿಯನ್‌ಗೆ ಕಾರಣವಲ್ಲ. ಹೆಚ್ಚಿನವರಿಗೆ ಸಹಜ ಹೆರಿಗೆ ಆಗಬಹುದು. ಅವಸರಪಟ್ಟು 36ನೇ ವಾರದಲ್ಲಿ ಹೆರಿಗೆ ಮಾಡಿಸುವುದರಿಂದ ಮಗುವಿಗೆ ನಷ್ಟವೇ. ಬೇರೆ ತೊಂದರೆ ಇಲ್ಲದಿದ್ದರೆ 39 ವಾರ ತುಂಬಲಿ, ಶಸ್ತ್ರಚಿಕಿತ್ಸೆಗೆ ತೂಕವೂ ಪಕ್ವತೆಯೂ ಬೇಕು.

ಹಣದ ದಾರಿಗಳು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹಾಗಾಗಿ ಎಂಟನೇ ತಿಂಗಳಲ್ಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕಂಡು, ಹುಟ್ಟುವ ಮಗುವಿಗೆ ಯಾವ ಕಾಗದ ಬೇಕೆಂದು ಕೇಳಿಟ್ಟುಕೊಳ್ಳಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ 18 ವರ್ಷದವರೆಗಿನ ಮಕ್ಕಳ ಹುಟ್ಟು ಹೃದಯದೋಷವನ್ನು ಗುರುತಿಸಿ ಚಿಕಿತ್ಸೆಗೆ ಕಳಿಸುತ್ತದೆ. ಕಚೇರಿಯ ವಿಮೆ ಇದ್ದರೆ ಎರಡೇ ಪ್ರಶ್ನೆ, ಉತ್ತರ ಬರವಣಿಗೆಯಲ್ಲಿರಲಿ: ಮಗುವಿಗೆ ಮೊದಲ ದಿನದಿಂದಲೇ ರಕ್ಷಣೆ ಇದೆಯೇ, ಹುಟ್ಟು ದೋಷಗಳು ಅದರಲ್ಲಿ ಸೇರಿವೆಯೇ?

ಪ್ಯಾಕೇಜ್ ದರ ಕೇಳುವಾಗ ಐಸಿಯುವಿನಲ್ಲಿ ಹೆಚ್ಚು ದಿನ ಉಳಿಯಬೇಕಾದರೆ ಏನು ಎಂದೂ ಕೇಳಿ. ಕುಟುಂಬಗಳು ಸಾಲಕ್ಕೆ ಬೀಳುವುದು ಹೆಚ್ಚಾಗಿ ಅಲ್ಲಿ.

ಮುಂದುವರಿಸುವುದೋ, ಬೇಡವೋ?

ಇದನ್ನು ನಾನು ಹೋಲಿಸಿ ತೂಗಿ ಕೊಡಲಾರೆ, ಬೇರೆ ಯಾರೂ ಕೊಡಬಾರದು. ಕಾನೂನಿನ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿಯಾಗಲಿ ಅತ್ತೆಮಾವಂದಿರ ಅನುಮತಿಯಾಗಲಿ ಬೇಕಿಲ್ಲ. ನಿರ್ಧಾರಕ್ಕೆ ಮೊದಲು ದೋಷದ ಹೆಸರು, ವರ್ಣತಂತು ವರದಿ, ಶಸ್ತ್ರಚಿಕಿತ್ಸೆಗಳ ಸಂಖ್ಯೆ, ಐದು ವರ್ಷದ ಹೊತ್ತಿಗೆ ಮಗು ಹೇಗಿರಬಹುದು ಎಂಬ ಉತ್ತರ ಇವಿಷ್ಟು ಕೈಯಲ್ಲಿರಲಿ. ಸರಿಪಡಿಸಬಹುದಾದ ದೋಷಕ್ಕೆ ಭಯದಿಂದ ಗರ್ಭ ಕಳೆದುಕೊಂಡವರನ್ನೂ ಕಂಡಿದ್ದೇನೆ, ಪೂರ್ತಿ ಚಿತ್ರ ಯಾರೂ ಹೇಳದೆ ಮುಂದುವರಿಸಿ ಕುಸಿದವರನ್ನೂ ಕಂಡಿದ್ದೇನೆ. ಯಾವ ನಿರ್ಧಾರ ತೆಗೆದುಕೊಂಡರೂ ಆ ತಾಯಿಗೆ ಮನೆಯವರು ಜೊತೆಯಾಗಿ ನಿಲ್ಲಬೇಕು.

ಸ್ಕ್ಯಾನ್ ಸರಿಯಾಗಿದ್ದವರಿಗೂ ಒಂದು ಮಾತು. ಮೇಲಿನ ಕೋಣೆಗಳ ನಡುವಿನ ರಂಧ್ರ, ಮುಚ್ಚದೆ ಉಳಿಯುವ ಡಕ್ಟಸ್ ಇವನ್ನು ಹೊಟ್ಟೆಯಲ್ಲಿದ್ದಾಗ ಹೇಳಲಾಗುವುದಿಲ್ಲ, ಆಗ ಎಲ್ಲ ಮಕ್ಕಳಿಗೂ ಅವು ತೆರೆದೇ ಇರುತ್ತವೆ. ಮಹಾಪಧಮನಿ ಕಿರಿದಾಗಿರುವುದೂ ಕೈತಪ್ಪಬಹುದು. ಹಾಗಾಗಿ ಮಗುವಿಗೆ 24 ಗಂಟೆ ತುಂಬಿದ ಮೇಲೆ, ಮನೆಗೆ ಕಳಿಸುವ ಮುನ್ನ, ಬಲಗೈ ಮತ್ತು ಒಂದು ಪಾದದಲ್ಲಿ ಪಲ್ಸ್ ಆಕ್ಸಿಮೀಟರ್ ಇಟ್ಟು ನೋಡಲು ಕೇಳಿ. ಆಮ್ಲಜನಕ ಶೇ 95 ಅಥವಾ ಹೆಚ್ಚಿದ್ದು, ಕೈಗೂ ಕಾಲಿಗೂ ವ್ಯತ್ಯಾಸ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸರಿ. ಶೇ 90ಕ್ಕಿಂತ ಕಡಿಮೆಯಿದ್ದರೆ ತಕ್ಷಣ ಎಕೋ. ಮನೆಗೆ ಬಂದ ಮೇಲೆ ಹಾಲು ಕುಡಿಯುವಾಗ ಬೆವರುವುದು, ಕುಡಿದು ಕುಡಿದು ನಿಲ್ಲಿಸುವುದು, ಏದುಸಿರು, ತುಟಿ ನೀಲಿಯಾಗುವುದು ಕಂಡರೆ ದೃಷ್ಟಿ ತೆಗೆಯುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಒಂದು ಮಗುವಿಗೆ ದೋಷವಿದ್ದರೆ ಮುಂದಿನ ಮಗುವಿಗೂ ಇರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಮೂರು. ವರ್ಣತಂತು ಅಥವಾ ವಂಶವಾಹಿಯ ಕಾರಣ ಸಿಕ್ಕಿದ್ದರೆ ಈ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಮೊದಲ ಮಗುವಿನ ವರದಿಗಳನ್ನೆಲ್ಲ ಜೋಪಾನವಾಗಿಟ್ಟು, ಮುಂದಿನ ಗರ್ಭದ ಮೊದಲ ಭೇಟಿಯಲ್ಲೇ ತಾಯಿ ಕಾರ್ಡ್ ಜೊತೆ ವೈದ್ಯರಿಗೆ ತೋರಿಸಿ.